ಓದದ ಕಾಗದಕ್ಕೆ ಹೆಬ್ಬೆಟ್ಟು

ಅಕ್ಷರ ಬಾರದ ನಮ್ಮ ಹಿರಿಯರು ಕೂಡ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಓದು ಬಲ್ಲ ಯಾರನ್ನಾದರೂ ಕರೆದು, 'ಇದರಲ್ಲಿ ಏನು ಬರೆದಿದೆ, ಒಮ್ಮೆ ಓದಿ ಹೇಳಪ್ಪಾ' ಎನ್ನುತ್ತಿದ್ದರು. ಕೇಳದೆ ಒಪ್ಪುವುದು ಅವರ ಪಾಲಿಗೆ ಅವಮಾನದ ಸಂಗತಿ. ನಮ್ಮ ಬೀಜ, ಔಷಧಗಳನ್ನು ಆಳುವ ನಿಯಮಗಳು ದೂರದ ನಗರಗಳಲ್ಲಿ ಸಿದ್ಧವಾಗುವಾಗ, ಓದು ಬಲ್ಲ ನಾವು ಇಷ್ಟನ್ನಾದರೂ ಕೇಳುತ್ತಿದ್ದೇವೆಯೇ?

ಕರ್ನಾಟಕದ ರೈತರು ಇದನ್ನು ಬಹಳ ಹಿಂದೆಯೇ ಕೇಳಿದ್ದರು. ಗ್ಯಾಟ್ ಸಂಸ್ಥೆಯ ಮಹಾನಿರ್ದೇಶಕ ಆರ್ಥರ್ ಡಂಕೆಲ್ 1991ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರದ ಕರಡನ್ನು ಮುಂದಿಟ್ಟರು. ಮರುವರ್ಷದ ಡಿಸೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಸುಟ್ಟರು. ಆ ದಾರಿಯನ್ನು ನಾವು ಒಪ್ಪದಿರಬಹುದು. ಆದರೆ ಅದರ ಹಿಂದಿದ್ದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ಸಂವಿಧಾನದಲ್ಲಿ ಕೃಷಿ ರಾಜ್ಯಗಳ ವಿಷಯ. ಹಾಗಿದ್ದರೂ 1994ರ ಏಪ್ರಿಲ್ 15ರಂದು ಮೊರಾಕ್ಕೋದ ಮರಾಕೇಶ್‌ನಲ್ಲಿ ಭಾರತ ಸಹಿ ಹಾಕಲು ಯಾವ ವಿಧಾನಸಭೆಯ ಒಪ್ಪಿಗೆಯೂ ಬೇಕಾಗಲಿಲ್ಲ. ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮೊದಲೇ ಸಂಸತ್ತಿನ ಅನುಮೋದನೆ ಪಡೆಯಬೇಕೆಂಬ ಕಡ್ಡಾಯವೂ ನಮ್ಮಲ್ಲಿಲ್ಲ.

ಪರಿಣಾಮವೇನಾಯಿತು? ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಅಗ್ಗದ ಮಾತ್ರೆಗಳು ಬಡವರ ಕೈಗೆಟುಕಲು ಇದೂ ಒಂದು ಕಾರಣ. ಒಪ್ಪಂದಕ್ಕೆ ತಕ್ಕಂತೆ ಅದನ್ನು ಬದಲಿಸುವ ಮೊದಲ ಮಸೂದೆ 1995ರಲ್ಲಿ ರಾಜ್ಯಸಭೆಯನ್ನು ದಾಟಲಿಲ್ಲ. ಅಮೆರಿಕ ದೂರು ಕೊಟ್ಟಿತು. 1997ರಲ್ಲಿ ಜಿನೀವಾದ ಮೇಲ್ಮನವಿ ಮಂಡಳಿ ಭಾರತದ ವಿರುದ್ಧ ತೀರ್ಪಿತ್ತಿತು. 1999ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಜನರ ಪ್ರತಿನಿಧಿಗಳು ತಡೆದದ್ದನ್ನು, ಜನ ಆರಿಸದ, ಜನ ಇಳಿಸಲಾಗದ ಒಂದು ಮಂಡಳಿ ಮಾಡಿಸಿತು. ಸಹಿ ಹಾಕಿದ ಮೇಲೆ ಮಾತು ಉಳಿಸಿಕೊಳ್ಳಬೇಕು, ನಿಜ. ಆದ್ದರಿಂದಲೇ ಸಹಿಗೆ ಮುಂಚಿನ ಚರ್ಚೆಗೆ ಅಷ್ಟು ಬೆಲೆ.

'ಸಂಧಾನವನ್ನು ಬೀದಿಯಲ್ಲಿ ಮಾಡಲಾಗದು, ಗುಟ್ಟು ಬೇಕು' ಎನ್ನುವವರಿದ್ದಾರೆ. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನಾವೂ ನೋಡಿದ್ದೇವೆ. ಕೊಡುವವ, ಕೊಳ್ಳುವವ ಇಬ್ಬರೂ ಅಲ್ಲೇ ಇರುವುದರಿಂದ ಆ ಗುಟ್ಟಿನಲ್ಲಿ ದೋಷವಿಲ್ಲ. ಆದರೆ ಕಾನೂನು ಸಂತೆಗೆ ಬಾರದವರನ್ನೂ, ಇನ್ನೂ ಹುಟ್ಟದವರನ್ನೂ ಕಟ್ಟಿಹಾಕುತ್ತದೆ. ಅದನ್ನು ಟವೆಲಿನಡಿ ತೀರ್ಮಾನಿಸುವ ಹಕ್ಕು ಯಾರಿಗಿದೆ?

ಬೇರೆ ದಾರಿಯೇ ಇಲ್ಲವೆಂದಲ್ಲ. ಐರೋಪ್ಯ ಒಕ್ಕೂಟದ ಸಚಿವರ ಮಂಡಳಿಯು ಕಾನೂನು ಕುರಿತ ಚರ್ಚೆ, ಮತದಾನಗಳನ್ನು ಬಹಿರಂಗವಾಗಿಯೇ ನಡೆಸಬೇಕೆಂದು 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದ ವಿಧಿಸಿದೆ. ಗುಟ್ಟಾಗಿ ರೂಪುಗೊಂಡಿದ್ದ ನಕಲಿ ಸರಕು ತಡೆಯ 'ಆಕ್ಟಾ' ಒಪ್ಪಂದದ ವಿರುದ್ಧ ಅಲ್ಲಿನ ಜನ ಬೀದಿಗಿಳಿದಾಗ, ಅವರೇ ಆರಿಸಿದ ಐರೋಪ್ಯ ಸಂಸತ್ತು 2012ರ ಜುಲೈ 4ರಂದು 39ಕ್ಕೆ 478 ಮತಗಳಿಂದ ಅದನ್ನು ತಿರಸ್ಕರಿಸಿತು. ಕರಡು ತಿದ್ದುವ ಮಾತುಕತೆಗಳು ಅಲ್ಲಿ ಇಂದಿಗೂ ಬಹುಪಾಲು ಮುಚ್ಚಿದ ಬಾಗಿಲ ಹಿಂದೆಯೇ ನಡೆಯುತ್ತವೆ. ಆದರೂ ಬೇಡವೆನ್ನುವ ಅಧಿಕಾರ ಜನರ ಕೈಯಲ್ಲಿ ಇದೆ.

ನಮ್ಮಲ್ಲೂ ಚರ್ಚೆ ಫಲ ಕೊಟ್ಟದ್ದುಂಟು. 2005ರ ಪೇಟೆಂಟ್ ತಿದ್ದುಪಡಿಯ ವೇಳೆ ಎಡಪಕ್ಷಗಳ ಒತ್ತಡದಿಂದ ಕಲಂ 3(ಡಿ) ಬಿಗಿಯಾಯಿತು. ಹಳೆಯ ಔಷಧದ ರೂಪ ಬದಲಿಸಿದರೂ ಗುಣ ಹೆಚ್ಚದಿದ್ದರೆ ಹೊಸ ಪೇಟೆಂಟ್ ಇಲ್ಲ ಎಂಬುದು ಅದರ ಸಾರ. ಇದೇ ಕಲಂ ಆಧರಿಸಿ 2013ರಲ್ಲಿ ಸುಪ್ರೀಂ ಕೋರ್ಟ್ ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಕ್ಕೆ ಪೇಟೆಂಟ್ ನಿರಾಕರಿಸಿತು.

2019ರ ನವೆಂಬರಿನಲ್ಲಿ ಭಾರತ ಆರ್‌ಸಿಇಪಿ ಒಪ್ಪಂದದಿಂದ ಹೊರಗುಳಿದಾಗ ನಮ್ಮ ಹಾಲು ಉತ್ಪಾದಕರು ನಿಟ್ಟುಸಿರುಬಿಟ್ಟರು. ಆದರೆ ಏಳು ವರ್ಷಗಳ ಮಾತುಕತೆಯಲ್ಲಿ ಅದರ ಅಧಿಕೃತ ಕರಡು ಅವರ ಕೈಗೆ ಬಂದಿರಲೇ ಇಲ್ಲ. ಸರ್ಕಾರ ಒಳ್ಳೆಯದನ್ನು ಮಾಡಿದರೂ ನಮ್ಮನ್ನು ಕೇಳಿ ಮಾಡಲಿ. ಸಹಿಗೆ ಮುನ್ನ ಕರಡು ಸಂಸತ್ತಿಗೆ, ವಿಧಾನಸಭೆಗೆ ಬರಲಿ, ಕನ್ನಡದಲ್ಲೂ ಬರಲಿ. ಹೆಬ್ಬೆಟ್ಟು ನಮ್ಮದೇ ಎಂದ ಮೇಲೆ, 'ಒಮ್ಮೆ ಓದಿ ಹೇಳಪ್ಪಾ' ಎನ್ನುವ ಹಕ್ಕೂ ನಮ್ಮದೇ ಅಲ್ಲವೇ?