ಬಿಡುವುದಕ್ಕೆಂದೇ ಹಿಡಿಯುವ ಟೇಪು

ಅಂಗಡಿ ಬೋರ್ಡಿನ ವಿನೈಲ್ ಅಕ್ಷರಗಳನ್ನು ಸಾಲು ಕೆಡದಂತೆ ಗಾಜಿಗೆ ದಾಟಿಸುವುದು ಅಪ್ಲಿಕೇಶನ್ ಟೇಪು. ಕೆಲಸ ಮುಗಿದರೆ ಅದು ಕಸದ ಬುಟ್ಟಿಗೆ. ಗುರಿ ಮುಟ್ಟಿಸಿದ ಸಾಧನವನ್ನು ಮುಂದೇನು ಮಾಡಬೇಕೆಂಬ ಪ್ರಶ್ನೆ ಧರ್ಮಗಳಿಗೂ ಹಳೆಯದು. ಬೌದ್ಧ ಗ್ರಂಥ ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತ ಎಂಬ ಸೂತ್ರದಲ್ಲಿ ಬುದ್ಧ ತನ್ನ ಬೋಧನೆಯನ್ನೇ ತೆಪ್ಪಕ್ಕೆ ಹೋಲಿಸುತ್ತಾನೆ: ಹೊಳೆ ದಾಟಿದವನು ಅದನ್ನು ಹೊತ್ತು ನಡೆಯಬೇಕಿಲ್ಲ. ಶಂಕರರ ಅದ್ವೈತದಲ್ಲಿ ಅಧ್ಯಾರೋಪ–ಅಪವಾದ ಎಂಬ ಕ್ರಮವೇ ಇದೆ. ಬ್ರಹ್ಮದ ಮೇಲೆ ಮೊದಲು ಗುಣಗಳನ್ನು ಆರೋಪಿಸಿ, ಆಮೇಲೆ ಅವನ್ನು ನಿರಾಕರಿಸುವುದು.

ಆದರೆ ಬಿಡುವುದಷ್ಟೇ ಜಾಣತನವೆಂದರೆ ಬೋರ್ಡು ಅಂಟಿಸುವವರು ನಕ್ಕಾರು.

ಟೇಪಿನ ಅಂಟು ವಿನೈಲನ್ನು ಹಿಂಬದಿಯ ಕಾಗದದಿಂದ ಎತ್ತುವಷ್ಟು ಬಿಗಿ, ಗಾಜಿನ ಮೇಲೆ ಬಿಟ್ಟುಬರುವಷ್ಟು ಸಡಿಲ ಇರಬೇಕು. ದೊಡ್ಡ ಆಕಾರಗಳಿಗೆ ಕಡಿಮೆ ಅಂಟು ಸಾಕು. ಕನ್ನಡದ ಪುಟ್ಟ ಒತ್ತಕ್ಷರಗಳಿಗೆ ಹೆಚ್ಚು ಬೇಕು, ಇಲ್ಲದಿದ್ದರೆ ಅವು ಹಾಳೆಯಲ್ಲೇ ಉಳಿದಾವು. ಕಾಗದದ ಟೇಪು ಅಷ್ಟಾಗಿ ಹಿಗ್ಗುವುದಿಲ್ಲ. ಪಾರದರ್ಶಕ ಫಿಲ್ಮಾದರೆ ಜಾಗ ನೋಡಿ ಕೂರಿಸುವುದು ಸುಲಭ. ಸ್ಕ್ವೀಜಿಯಿಂದ ಒತ್ತಿ ಉಜ್ಜಿದ ಮೇಲೆ ಟೇಪನ್ನು ಅದರ ಬೆನ್ನ ಮೇಲೇ ಮಡಚಿದಂತೆ, ಸುಮಾರು 180 ಡಿಗ್ರಿಯಲ್ಲಿ, ನಿಧಾನವಾಗಿ ಎಳೆಯಬೇಕು. ನೇರ ಹೊರಕ್ಕೆ ಎಳೆದರೆ ಅಕ್ಷರವೂ ಎದ್ದುಬರಬಹುದು. ನೀರು ಸಿಂಪಡಿಸಿ ಅಂಟಿಸಿದ್ದರೆ ಎಳೆಯುವ ಮೊದಲು ಕಾಯಲೂ ಬೇಕು.

ತೆಪ್ಪದ ಮಾತನ್ನೇ ನೆಪ ಮಾಡಿ ಆಚರಣೆಯನ್ನೆಲ್ಲ ಮೊದಲ ದಿನವೇ ಕಿತ್ತೆಸೆಯುವವರು ಈ ಕಾಯುವಿಕೆಯನ್ನು ಮರೆಯುತ್ತಾರೆ. ಬುದ್ಧ ಮರೆತಿರಲಿಲ್ಲ. ಅದೇ ಸುತ್ತ ಶುರುವಾಗುವುದು ಬೋಧನೆಯನ್ನು ತಪ್ಪಾಗಿ ಗ್ರಹಿಸಿದ ಅರಿಟ್ಠನೆಂಬ ಭಿಕ್ಷುವಿನಿಂದ; ಹಾವನ್ನು ತಪ್ಪಾಗಿ ಹಿಡಿದವನು ಕಚ್ಚಿಸಿಕೊಳ್ಳುತ್ತಾನೆಂಬ ಎಚ್ಚರಿಕೆ ತೆಪ್ಪದ ಮಾತಿಗಿಂತ ಮೊದಲೇ ಬರುತ್ತದೆ.