ಕಡೆಗೋಲಿನ ಹಗ್ಗ

ಹಾಲಿನಲ್ಲಿ ತುಪ್ಪವು ಅಡಗಿರುವುದೆಂಬ ಉಪಮೆಯನ್ನು ಶರಣರ ವಚನಗಳಲ್ಲಿ ಕಾಣುತ್ತೇವೆ. ಅಂಗದಲ್ಲಿ ಲಿಂಗವಿರುವ ಬಗೆಯನ್ನು ತಿಳಿಸಲು ಒಕ್ಕಲುಮಕ್ಕಳಿಗೆ ಅದಕ್ಕಿಂತ ಹತ್ತಿರದ ಮಾತು ಬೇರೊಂದಿರಲಿಲ್ಲ. ಬೆಣ್ಣೆಯು ಪೊಟ್ಟಣದಲ್ಲಿ ಮನೆಗೆ ಬರುವ ಈ ಕಾಲದ ಮಕ್ಕಳಿಗೆ ಅದರ ಅರ್ಧ ಅರ್ಥವೂ ತಲಪದು.

ಎಮ್ಮೆಯ ಹಾಲಿನಲ್ಲಿ ನೂರಕ್ಕೆ 6-7 ಪಾಲು ಜಿಡ್ಡಿರುವುದು; ಕಣ್ಣಿಗೆ ಕಾಣದು. ಹಿರಿಯರ ಮನೆಗಳಲ್ಲಿ ಕುಳ್ಳಿನ ಕಿರುಬೆಂಕಿಯ ಮೇಲೆ ಹಾಲು ಕಾಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿ, ಗಡಿಗೆಯನ್ನು ಅಲುಗಿಸದೆ ಇರುಳೆಲ್ಲ ಇಡುತ್ತಿದ್ದರು. ಹೆಪ್ಪೆಂದರೆ ನಿನ್ನೆಯ ಮೊಸರು, ನಿನ್ನೆಯದಕ್ಕೆ ಮೊನ್ನೆಯದು. ಅದು ತೀರಿದ ದಿನ ಸಿರಿವಂತರ ಮನೆಯವರೂ ಬಟ್ಟಲು ಹಿಡಿದು ನೆರೆಮನೆಗೆ ಹೋಗಬೇಕಾಗುತ್ತಿತ್ತು. ಗುರುಕಾರುಣ್ಯವೇಕೆ ಬೇಕೆಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು.

ಬೆಳಗಿನ ಜಾವ ತಾಯಂದಿರು ಕಡೆಗೋಲಿಗೆ ಹಗ್ಗ ಸುತ್ತಿ ಕಡೆಯುತ್ತಿದ್ದರು. ಒಂದು ಕೈ ಎಳೆಯುವಾಗ ಇನ್ನೊಂದು ಕೈ ಸಡಿಲಿಸಬೇಕು. ಎರಡೂ ಎಳೆದರೆ ಕೋಲು ನಿಂತುಹೋಗುವುದು. ಎರಡೂ ಬಿಟ್ಟರೆ ಹಗ್ಗ ಜಾರುವುದು. ಸಂಸಾರಿಗೆ ಲಿಂಗಪೂಜೆಯ ಹೊತ್ತೆಲ್ಲಿಯದೆಂದು ಕೊರಗುವ ಗೃಹಸ್ಥರುಂಟು. ಪೂಜೆಗೆ ಕುಳಿತಾಗ ಹೊಲದ ಲೆಕ್ಕವನ್ನು, ಹೊಲದಲ್ಲಿ ನಿಂತಾಗ ತಪ್ಪಿದ ಪೂಜೆಯ ಚಿಂತೆಯನ್ನು ಎಳೆಯುತ್ತಿರುವವರು ಇವರು. ಕೊರತೆಯಾಗಿರುವುದು ಹೊತ್ತಲ್ಲ, ಕೈಗೆ ಸಡಿಲಿಸಲು ಬಾರದು. ದನ ಕಾಯುವ ಕಾಯಕದ ತುರುಗಾಹಿ ರಾಮಣ್ಣನು ತನ್ನ ವಚನಗಳ ಅಂಕಿತದಲ್ಲಿಯೂ ಗೋಪತಿಯನ್ನೇ ಇರಿಸಿಕೊಂಡನು.

ಇನ್ನೊಂದು ಮಾತು. ಬೇಸಗೆಯಲ್ಲಿ ಕಡೆಯುವಾಗ ತಣ್ಣೀರು ಬೆರೆಸುವರು, ಚಳಿಯಲ್ಲಿ ಬಿಸಿನೀರು. ಮೊಸರು ಬೆಚ್ಚಗಾದರೆ ಬೆಣ್ಣೆ ಮೆತ್ತಗಾಗಿ ಗಟ್ಟಿಗೂಡದು. ತೀರ ತಣ್ಣಗಾದರೆ ಕಣಗಳು ಒಂದಕ್ಕೊಂದು ಅಂಟವು. ತಾಯಂದಿರು ಇದನ್ನು ಬೆರಳಿನಿಂದಲೇ ಅರಿಯುತ್ತಿದ್ದರು. ಕಸುವಿಲ್ಲದ ಮುದುಕಿಗೂ ಎಳೆಯ ಮಗುವಿಗೂ ಒಂದೇ ನೇಮವನ್ನು ಹೇರುವ ಹಟಮಾರಿಗಳು ಈ ಬೆರಳುಗಳಿಂದ ಕಲಿಯಬೇಕಾದುದು ಬಹಳವಿದೆ.

ತುಪ್ಪವು ಸಂತೆಗೆ ಹೋಗುತ್ತಿತ್ತು. ಮಜ್ಜಿಗೆಯನ್ನು ಮಾರುವುದು ಎಷ್ಟೋ ಊರುಗಳಲ್ಲಿ ಹೀನವೆನಿಸಿತ್ತು. ಕರೆಯುವ ದನವಿಲ್ಲದವರು ತಂಬಿಗೆ ತಂದು ಒಯ್ಯುತ್ತಿದ್ದರು. ಅದನ್ನು ದಾಸೋಹವೆಂದು ಯಾರೂ ಹೆಸರಿಸುತ್ತಿರಲಿಲ್ಲ. 1974ರ ಬಳಿಕ ನಮ್ಮ ನಾಡಿನ ಊರೂರಿಗೆ ಹಾಲಿನ ಸಹಕಾರ ಸಂಘಗಳು ಹಬ್ಬಿದವು. ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬಂದಿತು, ಸಂತೋಷವೇ. ಆದರೆ ಕರೆದ ಹಾಲೆಲ್ಲ ಕ್ಯಾನಿಗೆ ಸುರಿದ ಮನೆಯ ಬಾಗಿಲಿಗೆ ತಂಬಿಗೆ ಬರುವುದು ನಿಂತಿದೆ. ಭಕ್ತರೇ, ನಾಳೆ ಕ್ಯಾನು ತುಂಬುವ ಮುನ್ನ ಒಂದು ಪಾವು ಹಾಲನ್ನು ಗಡಿಗೆಗೆ ತೆಗೆದಿರಿಸಿರಿ. ಅದರ ಮಜ್ಜಿಗೆಯು ಯಾವ ಮನೆಗೆ ಹೋಗಬೇಕೆಂಬುದನ್ನು ನಿಮ್ಮ ಓಣಿಯವರಾದ ನೀವೇ ಬಲ್ಲಿರಿ.