ಕಾಣದ ಓದುಗನ ಋಣ

ಪರೀಕ್ಷೆ ಹತ್ತಿರವಾದಂತೆ ಕಾಲೇಜಿನ ಪುಸ್ತಕಭಂಡಾರದಲ್ಲಿ ಒಂದು ಚೋದ್ಯ ನಡೆಯುವುದುಂಟು. ಎಲ್ಲರಿಗೂ ಬೇಕಾದ ಗ್ರಂಥ ತನ್ನ ಸ್ಥಳದಿಂದ ಮಾಯವಾಗಿ, ಯಾರೂ ಸುಳಿಯದ ಬೀರುವಿನ ಹಿಂಬದಿಯಲ್ಲಿ ಅಡಗಿ ಕೂರುತ್ತದೆ. ಅಡಗಿಸಿದವನು ಕಳ್ಳನಲ್ಲ, ಪುಸ್ತಕ ಕಟ್ಟಡದೊಳಗೇ ಇದೆಯಲ್ಲ! ಹಾಗಾದರೆ ತಪ್ಪೆಲ್ಲಿ?

೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಮೊದಲು ಗಣಿತದ ಅಧ್ಯಾಪಕರು. ೧೯೩೧ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲಿನ ಎರಡರ ತಾತ್ಪರ್ಯವಿಷ್ಟು: ಪುಸ್ತಕವಿರುವುದು ಬಳಕೆಗೆ, ಓದುಗ ಯಾರೇ ಆಗಲಿ, ಅವನ ಪುಸ್ತಕ ಅವನಿಗೆ ದೊರೆಯಬೇಕು.

ಈ ಅಳತೆಗೋಲಿನಿಂದ ನೋಡಿದರೆ ಅಡಗಿಸುವುದು ಕದಿಯುವುದಕ್ಕಿಂತ ಹಗುರವಲ್ಲ. ಕಳುವಾದದ್ದು ಲೆಕ್ಕಕ್ಕೆ ಸಿಕ್ಕೀತು, ಬೇರೊಂದು ಪ್ರತಿ ಬಂದೀತು. ಅಡಗಿದ್ದು ಸೂಚಿಯಲ್ಲುಂಟು, ಕೈಗಿಲ್ಲ. ಹುಡುಕಿ ಬಂದವನಿಗೆ ಪುಸ್ತಕಭಂಡಾರವೇ ಸುಳ್ಳು ಹೇಳಿದಂತಾಗುತ್ತದೆ. ಹಾಗೆಂದು ಬೀರುವಿಗೆ ಬೀಗ ಜಡಿಯೋಣವೆ? ಆಗ ಒಬ್ಬನ ತಪ್ಪನ್ನು ನಾವೇ ಎಲ್ಲರ ಮೇಲೂ ಎಸಗಿದಂತಾಯಿತು.

ನಾನೂ ಒಮ್ಮೆ ಹೀಗೆ ಅಡಗಿಸಿದ್ದೆ. ಕೊಂಡು ಓದಲಾರದ ಯಾವ ಹುಡುಗ ಅದನ್ನರಸಿ ಬರಿಗೈಯಲ್ಲಿ ಹಿಂದಿರುಗಿದನೋ ತಿಳಿಯದು. ಮುಖವನ್ನೇ ಕಾಣದವನಲ್ಲಿ ಕ್ಷಮೆ ಬೇಡುವುದಾದರೂ ಹೇಗೆ? ಈಗ ಯಾವ ಪುಸ್ತಕ ತೆಗೆದರೂ ಅದರ ಜಾಗಕ್ಕೇ ಇಡುತ್ತೇನೆ. ಋಣ ತೀರಿತೆಂದಲ್ಲ, ಬೆಳೆಯದಿರಲಿ ಎಂದು.